ಅರವತ್ತರ ದಶಕದ ಕನ್ನಡ ಸಿನಿಮಾ ಪ್ಲೇಟುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ಸಿನಿಮಾ ಹಾಡಿನ ಪ್ಲೇಟು (ಗ್ರಾಮಫೋನ್ ರೆಕಾರ್ಡು) ಕೂಡಿಸುತ್ತೇನೆ ಅಂತ ಗೊತ್ತಾದ ಮೇಲೆ ಜನ ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಕೆಲವರ ಮನೆ ಅಟ್ಟದಲ್ಲಿ ತಾತನ ಕಾಲದ ಪೆಟ್ಟಿಗೆ ಸಿಕ್ಕಿರುತ್ತದೆ. ಕೆಲವರು ಹೊಸದಾಗಿ ಪ್ಲೇಯರ್ ಕೊಂಡಿರುತ್ತಾರೆ. ಇಬ್ಬರಿಗೂ ಉಪಯೋಗವಾಗಲಿ ಅಂತ ಬರೆದಿದ್ದೇನೆ.

78, ಇಪಿ, ಎಲ್‌ಪಿ ಅಂತಾರಲ್ಲ, ಏನು ವ್ಯತ್ಯಾಸ?

78 ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಪ್ಲೇಟು. ಅಗಲ ಸಾಮಾನ್ಯವಾಗಿ 10 ಇಂಚು. ಒಂದು ಕಡೆಗೆ ಮೂರು, ಮೂರೂವರೆ ನಿಮಿಷದ ಒಂದೇ ಹಾಡು. ಇದು ವಿನೈಲ್ (ಒಂದು ಬಗೆಯ ಪ್ಲಾಸ್ಟಿಕ್) ಅಲ್ಲ, ಅರಗಿನದು. ಚನ್ನಪಟ್ಟಣದ ಗೊಂಬೆಗೆ ಬಣ್ಣ ಹಿಡಿಸುತ್ತಾರಲ್ಲ, ಅದೇ ಅರಗು. ಅದಕ್ಕೆ ಕಲ್ಲಿನ ಪುಡಿ ಸೇರಿಸಿ ಒತ್ತಿ ಮಾಡುತ್ತಿದ್ದರು. ಕೈಜಾರಿದರೆ ಹಂಚಿನ ಹಾಗೆ ಒಡೆಯುತ್ತದೆ.

ಇಪಿ 7 ಇಂಚಿನ ಚಿಕ್ಕ ಪ್ಲೇಟು. ಇದು ವಿನೈಲ್. 45 ಸುತ್ತು, ಸಾಮಾನ್ಯವಾಗಿ ಕಡೆಗೆ ಎರಡರಂತೆ ನಾಲ್ಕು ಹಾಡು. ಎಲ್‌ಪಿ 12 ಇಂಚಿನದು, 33 ಸುತ್ತು, ಒಂದು ಕಡೆಗೆ ಇಪ್ಪತ್ತು ನಿಮಿಷದ ಮೇಲೆ ಹಾಡುತ್ತದೆ.

ಬೇರೆ ದೇಶಗಳಲ್ಲಿ 78 ನಿಂತುಹೋದ ಮೇಲೂ ನಮ್ಮಲ್ಲಿ ಅರವತ್ತರ ದಶಕದ ಕೊನೆಯವರೆಗೂ ಬರುತ್ತಿತ್ತು. ಹಳ್ಳಿ, ಸಣ್ಣ ಊರುಗಳಲ್ಲಿ ಕೀಲಿ ಕೊಟ್ಟು ತಿರುಗಿಸುವ ಗ್ರಾಮಫೋನುಗಳೇ ಇದ್ದವು, ಅವಕ್ಕೆ ಕರೆಂಟು ಬೇಡ. ಹಾಗಾಗಿ ಬೀಟಲ್ಸ್ ಹಾಡುಗಳು ಕೂಡ ಭಾರತದಲ್ಲಿ 78ರಲ್ಲಿ ಬಂದಿವೆ. ಆ ಪ್ಲೇಟುಗಳನ್ನು ಈಗ ಪ್ರಪಂಚದ ಎಲ್ಲ ಕಡೆಯ ಸಂಗ್ರಹಕಾರರು ಹುಡುಕುತ್ತಾರೆ.

ಅರವತ್ತರ ದಶಕದ ಕನ್ನಡ ಸಿನಿಮಾ ಎಲ್‌ಪಿ ಎಷ್ಟು ಹುಡುಕಿದರೂ ಸಿಗುತ್ತಿಲ್ಲ. ಯಾಕೆ?

ಹುಡುಕುತ್ತಿರುವುದೇ ತಪ್ಪು ಅಳತೆಯ ಪ್ಲೇಟು. ಹೊಸಬರಿಗೆ ನಾನು ಮೊದಲು ಹೇಳುವ ಮಾತು ಇದು. ಹಿಂದಿಯಲ್ಲಿ 'ಸಂಗಂ' (1964), 'ಗೈಡ್' (1965) ತರಹದ ದೊಡ್ಡ ಸಿನಿಮಾಗಳಿಗೆ ಎಲ್‌ಪಿ ಬಂತು. ಆಮೇಲೂ ಮತ್ತೆ ಮತ್ತೆ ಅಚ್ಚಾಯಿತು. ಕನ್ನಡದ ಮಾರುಕಟ್ಟೆ ಚಿಕ್ಕದು. ನಮ್ಮ ಹಾಡುಗಳು ಬಂದದ್ದು ಹೆಚ್ಚಾಗಿ 78ರಲ್ಲಿ, ಇಪಿಯಲ್ಲಿ. ಒಂದು ಸಿನಿಮಾದ ಅಷ್ಟೂ ಹಾಡು ಬೇಕು ಅಂದರೆ ಎರಡು ಇಪಿ ಅಥವಾ ಮೂರು ನಾಲ್ಕು 78 ಜೋಡಿಸಬೇಕಾಗುತ್ತದೆ. ಒಂದು ಈ ವರ್ಷ ಸಿಕ್ಕರೆ ಇನ್ನೊಂದಕ್ಕೆ ಐದು ವರ್ಷ ಕಾಯಬೇಕು. ನನಗೆ ಆ ಕಾಯುವಿಕೆಯೇ ಇಷ್ಟ. ಅರ್ಧ ಸಿಕ್ಕ ಸಿನಿಮಾಗಳ ಪಟ್ಟಿ ಯಾವಾಗಲೂ ಜೇಬಿನಲ್ಲಿ ಇರುತ್ತದೆ.

ಸರಿ, ಯಾವ ಸಿನಿಮಾಗಳಿಂದ ಶುರು ಮಾಡಲಿ?

ನಿಮಗೆ ಬಾಯಿಪಾಠ ಬರುವ ಹಾಡುಗಳಿಂದ. ಅಪರೂಪದ್ದು ಅಂತ ಯಾರೋ ಹೇಳಿದ್ದನ್ನು ಕೊಂಡು ಬೀರುವಿನಲ್ಲಿಟ್ಟರೆ ಏನು ಬಂತು?

ಆದರೂ ನನ್ನ ಆಯ್ಕೆ ಕೇಳಿದರೆ 'ಸಂಧ್ಯಾರಾಗ' (1966) ಮೊದಲು. ಅನಕೃ ಅವರ ಕಾದಂಬರಿ ಆಧಾರಿತ ಸಿನಿಮಾ. ಭೀಮಸೇನ ಜೋಶಿ ಮತ್ತು ಬಾಲಮುರಳೀಕೃಷ್ಣ, ಇಬ್ಬರ ದನಿಯೂ ಅದರಲ್ಲಿದೆ. ಹಿಂದೂಸ್ತಾನಿ ಮತ್ತು ಕರ್ನಾಟಕಿಯ ಅಂಥಾ ಇಬ್ಬರು ಒಂದೇ ಕನ್ನಡ ಸಿನಿಮಾಗೆ ಹಾಡಿದ್ದಾರೆ ಅನ್ನುವುದೇ ನನಗೆ ಇವತ್ತಿಗೂ ಮೈ ಜುಂ ಅನ್ನಿಸುವ ವಿಷಯ. ಆಮೇಲೆ 'ಬೆಳ್ಳಿಮೋಡ' (1967). ವಿಜಯಭಾಸ್ಕರ್ ಸಂಗೀತ. ಬೇಂದ್ರೆಯವರ 'ಮೂಡಲ ಮನೆಯ'ವನ್ನು ಎಸ್. ಜಾನಕಿ ಹಾಡಿದ್ದು ಇದರಲ್ಲೇ.

ಅದೇ 1967ರಲ್ಲಿ ಇನ್ನೆರಡು ಇವೆ. 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ'ದಲ್ಲಿ ಲತಾ ಮಂಗೇಶ್ಕರ್ ಕನ್ನಡದಲ್ಲಿ ಹಾಡಿದರು. 'ನಕ್ಕರೆ ಅದೇ ಸ್ವರ್ಗ'ದಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಮೊದಲ ಸಲ ಕನ್ನಡಕ್ಕೆ ಹಾಡಿದರು, ಪಿ. ಸುಶೀಲಾ ಜೊತೆಗೆ. ಎಂ. ರಂಗರಾವ್ ಸಂಗೀತ. ಇನ್ನು 'ಸತ್ಯ ಹರಿಶ್ಚಂದ್ರ' (1965) ಇಲ್ಲದ ಕನ್ನಡ ಸಂಗ್ರಹ ಉಂಟೇ? ಘಂಟಸಾಲ ಹಾಡಿದ 'ಕುಲದಲ್ಲಿ ಕೀಳ್ಯಾವುದೋ' ಇರುವ ಪ್ಲೇಟು ಚೆನ್ನಾಗಿರುವ ಸ್ಥಿತಿಯಲ್ಲಿ ಸಿಗುವುದು ಕಷ್ಟ. ಆ ಪ್ಲೇಟನ್ನು ಜನ ಅಷ್ಟು ಸವೆಸಿದ್ದಾರೆ.

ರಾಜ್‌ಕುಮಾರ್ ಅವರ ಸಿನಿಮಾ ಅಂತ ಕೊಂಡು, ಅವರೇ ಹಾಡಿರಬಹುದು ಅಂದುಕೊಳ್ಳಬೇಡಿ. ಅರವತ್ತರ ದಶಕದಲ್ಲಿ ಅವರ ಹಾಡಿನ ದನಿ ಪಿ.ಬಿ. ಶ್ರೀನಿವಾಸ್. ರಾಜ್‌ಕುಮಾರ್ ಹಾಡುಗಾರರಾಗಿ ನೆಲೆ ನಿಂತದ್ದು 1974ರ 'ಸಂಪತ್ತಿಗೆ ಸವಾಲ್' ನಂತರ.

ಎಲ್ಲಿ ಹುಡುಕಬೇಕು?

ಬೆಂಗಳೂರಿನಲ್ಲಾದರೆ ಚಿಕ್ಕಪೇಟೆ ಕಡೆಯ ಸಂಡೇ ಬಜಾರು, ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳು. ಬೆಳಿಗ್ಗೆ ಬೇಗ ಹೋಗಬೇಕು. ಮುಂಬೈಯ ಚೋರ್ ಬಜಾರು, ಕೋಲ್ಕತ್ತದ ಫ್ರೀ ಸ್ಕೂಲ್ ಸ್ಟ್ರೀಟ್ ದೇಶಕ್ಕೇ ಹೆಸರಾದ ಜಾಗಗಳು. ಅಲ್ಲಿ ಹಿಂದಿ, ಬಂಗಾಳಿ, ಇಂಗ್ಲಿಷ್ ಜಾಸ್ತಿ. ಚೆನ್ನೈನ ಮೂರ್ ಮಾರ್ಕೆಟ್ ಬಗ್ಗೆ ಹಿರಿಯ ಸಂಗ್ರಹಕಾರರು ಇನ್ನೂ ಮಾತಾಡುತ್ತಾರೆ. 1985ರಲ್ಲಿ ಅದು ಬೆಂಕಿಗೆ ಹೋಯಿತು. ಕನ್ನಡ ಸಿನಿಮಾ ಹಾಡುಗಳ ರೆಕಾರ್ಡಿಂಗು ಆಗ ಹೆಚ್ಚಾಗಿ ಮದ್ರಾಸಿನಲ್ಲೇ ಆಗುತ್ತಿತ್ತಲ್ಲ, ಅಲ್ಲಿ ಏನೇನು ಸುಟ್ಟುಹೋಯಿತೋ ಅಂತ ನೆನೆದರೆ ಹೊಟ್ಟೆ ಉರಿಯುತ್ತದೆ.

ಆದರೆ ಕನ್ನಡ ಪ್ಲೇಟಿಗೆ ನಿಜವಾದ ಗಣಿ ಅಂದರೆ ಮೈಕ್ ಸೆಟ್ ಅಂಗಡಿಗಳು. ಮದುವೆ, ಜಾತ್ರೆ, ಗಣಪತಿ ಹಬ್ಬ, ಟೆಂಟ್ ಸಿನಿಮಾ, ಎಲ್ಲ ಕಡೆ ಹಾಡು ಹಾಕುತ್ತಿದ್ದವರು ಅವರೇ. ಟೆಂಟಿನಲ್ಲಿ ಆಟ ಶುರುವಾಗುವ ಮುಂಚೆ ಘಂಟಸಾಲರ 'ನಮೋ ವೆಂಕಟೇಶಾ' ಕೇಳಿಸಿದರೆ ಊರಿನವರು ಚಾಪೆ ಹಿಡಿದು ಓಡುತ್ತಿದ್ದರು. ಆ ಪ್ಲೇಟುಗಳೆಲ್ಲ ಎಲ್ಲಿ ಹೋದವು? ಕ್ಯಾಸೆಟ್ ಬಂದ ಮೇಲೆ ಟ್ರಂಕಿಗೆ ಸೇರಿದವು. ಟ್ರಂಕು ಅಟ್ಟಕ್ಕೆ ಸೇರಿತು.

ಅರಸೀಕೆರೆ ಕಡೆಯ ಒಂದು ಊರಿನಲ್ಲಿ ಹಳೇ ಮೈಕ್ ಸೆಟ್ ಯಜಮಾನರೊಬ್ಬರು ನನಗೆ ಇಂಥ ಎರಡು ಟ್ರಂಕು ತೋರಿಸಿದರು. ಪ್ರತಿ ಪ್ಲೇಟಿನ ಲೇಬಲ್ ಮೇಲೂ ಅವರ ಅಂಗಡಿಯ ನೇರಳೆ ಮೊಹರು. ಕೆಲವಕ್ಕೆ ಮೂಲೆಯಲ್ಲಿ ಸುಣ್ಣದ ಚುಕ್ಕೆ. ಏನಿದು ಅಂತ ಕೇಳಿದೆ. 'ಅದು ಮದುವೆಗೆ ಸಾರ್. ಚುಕ್ಕೆ ಇಲ್ದೇ ಇರೋದು ಸಾವಿನ ಮನೇಗೂ ಆಗತ್ತೆ. ಕತ್ತಲಲ್ಲಿ ತಪ್ಪು ಪ್ಲೇಟ್ ಹಾಕಿಬಿಟ್ರೆ ಕಷ್ಟ ಅಲ್ವಾ' ಅಂದರು. ಆ ಮೊಹರು, ಚುಕ್ಕೆ ಇರುವುದಕ್ಕೆ ವ್ಯಾಪಾರಿಗಳು ಬೆಲೆ ಕಡಿಮೆ ಕಟ್ಟುತ್ತಾರೆ. ನಾನು ಒಂದನ್ನೂ ಒರೆಸಿಲ್ಲ. ನೀವೂ ಒರೆಸಬೇಡಿ.

ಕೊಳ್ಳುವ ಮುಂಚೆ ಏನು ನೋಡಬೇಕು?

ವಿನೈಲ್ ಆದರೆ ಬಿಸಿಲಿಗೆ ಅಥವಾ ಟಾರ್ಚಿಗೆ ಓರೆಯಾಗಿ ಹಿಡಿಯಿರಿ. ಕೂದಲೆಳೆಯ ಗೀರುಗಳಿಗೆ ಹೆದರಬೇಡಿ. ಉಗುರು ಸವರಿದಾಗ ತಡೆಯುವ ಗೀರು ಮಾತ್ರ ಟಕ್ ಟಕ್ ಅನ್ನುತ್ತದೆ. ಹೊಳಪು ಹೋಗಿ ಬೂದು ಬಣ್ಣಕ್ಕೆ ತಿರುಗಿದ್ದರೆ ಪ್ಲೇಟಿನ ಮೇಲೆ ಓಡುವ ಭಾರದ ಮುಳ್ಳು ಹಾಡಿನ ಗೆರೆಗಳನ್ನು ತಿಂದಿದೆ ಅಂತ ಅರ್ಥ. ಅದನ್ನು ಯಾವ ತೊಳೆತವೂ ಸರಿಮಾಡುವುದಿಲ್ಲ.

78 ಆದರೆ ಮಡಕೆ ಕೊಳ್ಳುವ ಹಾಗೆ ಕೊಳ್ಳಬೇಕು. ನಡುವಿನ ತೂತಿಗೆ ಬೆರಳು ಹಾಕಿ ತೂಗಿಸಿ, ಅಂಚಿಗೆ ಬೆರಳ ಗೆಣ್ಣಿನಿಂದ ಮೆಲ್ಲಗೆ ಬಡಿಯಿರಿ. ಠಣ್ ಅಂದರೆ ಗಟ್ಟಿ. ಮಂಕು ಸದ್ದು ಬಂದರೆ ಎಲ್ಲೋ ಬಿರುಕಿದೆ.

ಇನ್ನೊಂದು, ಕವರಿನೊಳಗೆ ಅದೇ ಪ್ಲೇಟು ಇದೆಯಾ ಅಂತ ತೆಗೆದು ನೋಡಿ. ಐವತ್ತು ಅರವತ್ತು ವರ್ಷದಲ್ಲಿ ಎಷ್ಟೋ ಕೈ ಬದಲಾಗಿರುತ್ತದೆ. ಕವರಿನ ನಂಬರು, ಲೇಬಲ್ ನಂಬರು ಎರಡೂ ಹೊಂದಬೇಕು. ಮಾರುವವರು ಪ್ಲೇಟಿನ ಸ್ಥಿತಿಗೆ 'ವಿಜಿ' (ವೆರಿ ಗುಡ್), 'ವಿಜಿ ಪ್ಲಸ್', 'ನಿಯರ್ ಮಿಂಟ್' (ಹೆಚ್ಚು ಕಡಿಮೆ ಹೊಸದು) ಅಂತ ಬರೆದಿರುತ್ತಾರೆ. ವಿಜಿ ಪ್ಲಸ್ ಅಂದರೆ ಸಣ್ಣ ಗೀರು ಇದ್ದರೂ ಹಾಡಿಗೆ ತೊಂದರೆ ಇಲ್ಲ ಅಂತ. ಬರೀ ವಿಜಿ ಅಂದರೆ ಕರಕರ ಕೇಳಿಸುತ್ತದೆ. 'ಗುಡ್' ಅನ್ನುವುದು ಹೆಸರಿಗೆ ಒಳ್ಳೆಯದು, ಪ್ಲೇಟು ಬಹಳ ಸವೆದಿರುತ್ತದೆ.

ಲೇಬಲ್ ಮೇಲೆ ಒಂದರಲ್ಲಿ ನಾಯಿ ಮಾರ್ಕು, ಇನ್ನೊಂದರಲ್ಲಿ ಕೊಲಂಬಿಯಾ, ಮತ್ತೊಂದರಲ್ಲಿ ಓಡಿಯನ್. ಯಾವ ಕಂಪನಿಯದು ಒಳ್ಳೆಯದು?

ಎಲ್ಲ ಒಂದೇ ಕಂಪನಿ. ಎಚ್‌ಎಂವಿ (ನಾಯಿ ಮಾರ್ಕು ಇದರದೇ), ಕೊಲಂಬಿಯಾ, ಓಡಿಯನ್, ಏಂಜೆಲ್ ಎಲ್ಲವೂ ಗ್ರಾಮಫೋನ್ ಕಂಪನಿಯ ಗುರುತುಗಳೇ. ಕಲ್ಕತ್ತದ ಡಂಡಂನಲ್ಲಿ 1928ರಲ್ಲಿ ಶುರುವಾದ ಕಾರ್ಖಾನೆಯಲ್ಲಿ ಅಚ್ಚಾಗುತ್ತಿದ್ದವು. ಈಗ ಅದೇ ಕಂಪನಿ ಸಾರೆಗಾಮ. ನಂಬರಿನ ಮುಂದಿರುವ ಅಕ್ಷರ ನೋಡಿದರೆ ಯಾವ ಗುರುತಿನ ಯಾವ ಅಳತೆ ಅಂತ ಗೊತ್ತಾಗುತ್ತದೆ. 7ಇಪಿಇ ಅಂದರೆ ಎಚ್‌ಎಂವಿ ಇಪಿ, ಎಸ್‌ಇಡಿಇ ಕೊಲಂಬಿಯಾ ಇಪಿ, ಟಿಎಇ ಏಂಜೆಲ್ ಇಪಿ. ಎಲ್‌ಪಿಯಲ್ಲಿ ಇಸಿಎಲ್‌ಪಿ ಎಚ್‌ಎಂವಿಯದು, ಎಂಒಸಿಇ ಓಡಿಯನ್‌ದು, 3ಎಇಎಕ್ಸ್ ಏಂಜೆಲ್‌ದು. ಮೂಲೆಯಲ್ಲಿ ರಾಶಿ ಬಿದ್ದಿರುವಾಗ ಬೇಗ ಬೇಗ ಆರಿಸಲು ಇದು ಗೊತ್ತಿದ್ದರೆ ತುಂಬಾ ಅನುಕೂಲ.

ಅರವತ್ತರಲ್ಲೇ ಅಚ್ಚಾದದ್ದೋ, ಆಮೇಲಿನ ಮರುಮುದ್ರಣವೋ, ಹೇಗೆ ತಿಳಿಯುವುದು?

ಕವರಿನ ಹಿಂಬದಿ ಓದಿ. ಕ್ಯಾಸೆಟ್ ನಂಬರು ಕೂಡ ಅಚ್ಚಾಗಿದ್ದರೆ ಅದು ಎಪ್ಪತ್ತರ ಕೊನೆ ಅಥವಾ ಎಂಬತ್ತರ ದಶಕದ್ದು. ಹಿಂಬದಿಯಲ್ಲಿ ಬೇರೆ ಪ್ಲೇಟುಗಳ ಜಾಹೀರಾತು ಇದ್ದರೆ, ಆ ಸಿನಿಮಾಗಳು ಬಿಡುಗಡೆಯಾದ ವರ್ಷ ನೋಡಿ. 1964ರ ಸಿನಿಮಾದ ಕವರಿನಲ್ಲಿ 1972ರ ಸಿನಿಮಾ ಜಾಹೀರಾತು ಇದ್ದರೆ ಲೆಕ್ಕ ಸರಳ. ಹಾಡು ಮುಗಿದ ಮೇಲೆ ಲೇಬಲ್ಲಿನ ಸುತ್ತ ಖಾಲಿ ಜಾಗ ಇರುತ್ತದಲ್ಲ, ಅಲ್ಲಿ ಕೆತ್ತಿದ ನಂಬರನ್ನೂ ಬರೆದಿಟ್ಟುಕೊಳ್ಳಿ. ಒಂದೇ ಪ್ಲೇಟಿನ ಎರಡು ಪ್ರತಿ ಹೋಲಿಸುವಾಗ ಬೇಕಾಗುತ್ತದೆ.

ಮರುಮುದ್ರಣ ಅಂದ ಮಾತ್ರಕ್ಕೆ ಕೀಳಲ್ಲ. ಕಡಿಮೆ ಸವೆದಿರುತ್ತದೆ, ಕಡಿಮೆ ಬೆಲೆಗೆ ಸಿಗುತ್ತದೆ. ಒಂದು ಕಡೆ ಮಾತ್ರ ಎಚ್ಚರ ಬೇಕು. ಅರವತ್ತರ ನಮ್ಮ ಸಿನಿಮಾ ಹಾಡುಗಳು ಬಹುಪಾಲು ಮೊನೊ, ಅಂದರೆ ಎಡ ಬಲ ಅಂತ ಬೇರೆ ಮಾಡದ ಒಂದೇ ಧ್ವನಿ. ಅದೇ ಹಾಡಿನ ಮೇಲೆ ಆಮೇಲೆ 'ಸ್ಟೀರಿಯೊ' ಅಂತ ಅಚ್ಚು ಹಾಕಿದ್ದರೆ, ಮೊನೊ ಧ್ವನಿಯನ್ನೇ ಎರಡಾಗಿ ಸೀಳಿ ಹಾಗೆ ಮಾಡಿರುವ ಸಾಧ್ಯತೆ ಜಾಸ್ತಿ. ಜಾನಕಿಯವರ ದನಿ ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತದೆ. ಮೊನೊ ಸಿಕ್ಕರೆ ಮೊನೊನೇ ಕೊಳ್ಳಿ.

ಬೆಲೆ ಎಷ್ಟಿರಬೇಕು?

ನಿಗದಿ ಬೆಲೆ ಅಂತಿಲ್ಲ. ಹಿಂದಿ ಎಲ್‌ಪಿಗಳಿಗೆ ಡಿಸ್ಕಾಗ್ಸ್‌ನಂಥ ತಾಣದಲ್ಲಿ ಹಿಂದೆ ಎಷ್ಟಕ್ಕೆ ಮಾರಾಟವಾಗಿದೆ ಅಂತ ನೋಡಬಹುದು. ಮಾರುವವರು ಕೇಳುವ ಬೆಲೆಯಲ್ಲ, ಮಾರಾಟವಾದ ಬೆಲೆ ನೋಡಿ. ಕನ್ನಡ ಇಪಿಗಳಿಗೆ ಅಂಥ ದಾಖಲೆ ಕಡಿಮೆ. ಹಾಗಾಗಿ ಪ್ಲೇಟಿನ ಸ್ಥಿತಿ, ಕವರು, ನಿಮ್ಮ ಆಸೆ, ಈ ಮೂರೇ ಅಳತೆಗೋಲು. ಅಟ್ಟದ ಮೇಲೆ ಪ್ಲೇಟು ಸಿಕ್ಕವರು ಲಕ್ಷಾಂತರ ರೂಪಾಯಿ ಬರುತ್ತದೆ ಅಂದುಕೊಂಡಿರುತ್ತಾರೆ. ಬರುವುದಿಲ್ಲ.

ಯಾವ ಪ್ಲೇಯರ್ ಕೊಳ್ಳಲಿ?

ಮೂರು ಸಂಗತಿ ನೋಡಿ. 33, 45, 78 ಮೂರೂ ವೇಗ ಇರಬೇಕು. ಮುಳ್ಳಿನ ಭಾರ ಹೊಂದಿಸಲು ತೋಳಿನ ಹಿಂದೆ ತಿರುಗಿಸುವ ತೂಕ ಇರಬೇಕು. ಮುಳ್ಳು ಬದಲಿಸಲು ಬರಬೇಕು. ಸೂಟ್‌ಕೇಸ್ ಆಕಾರದ ಅಗ್ಗದ ಪ್ಲೇಯರುಗಳಲ್ಲಿ ಭಾರ ಹೊಂದಿಸಲು ಬರುವುದಿಲ್ಲ.

78ರ ಗೆರೆ ಎಲ್‌ಪಿಯ ಗೆರೆಗಿಂತ ಸುಮಾರು ಮೂರು ಪಟ್ಟು ಅಗಲ. ಅದಕ್ಕೆ ಬೇರೆಯೇ ಮುಳ್ಳು ಬೇಕು. ಎಲ್‌ಪಿ ಮುಳ್ಳು ಹಾಕಿದರೆ ಗೆರೆಯ ತಳದಲ್ಲಿ ಕಸದ ಜೊತೆ ತೆವಳುತ್ತದೆ, ಹಾಡಿಗಿಂತ ಕರಕರವೇ ಜಾಸ್ತಿ. 78ರ ಮುಳ್ಳನ್ನು ಎಲ್‌ಪಿ ಮೇಲೆ ಇಟ್ಟರೆ ಎಲ್‌ಪಿ ಹಾಳು. ಇವತ್ತಿನ ಸಾಮಾನ್ಯ ಮ್ಯಾಗ್ನೆಟ್ ಕಾರ್ಟ್ರಿಜ್‌ಗೆ (ತೋಳಿನ ತುದಿಯಲ್ಲಿ ಮುಳ್ಳು ಕೂರುವ ಭಾಗ) ಎಲ್‌ಪಿ, ಇಪಿ ಮೇಲೆ ಒಂದೂವರೆಯಿಂದ ಎರಡೂವರೆ ಗ್ರಾಂ ಭಾರ ಸಾಕು. ಕಾರ್ಟ್ರಿಜ್ ಕಂಪನಿ ಹೇಳಿದ ಅಳತೆಯನ್ನೇ ಇಡಿ. ಆಂಪ್ಲಿಫೈಯರಿನಲ್ಲಿ 'ಫೋನೊ' ಅಂತ ಬರೆದ ಜಾಗ ಇಲ್ಲದಿದ್ದರೆ ಫೋನೊ ಪ್ರೀಆಂಪ್ (ಪ್ಲೇಯರಿನ ಸಣ್ಣ ಸದ್ದನ್ನು ಹಿಗ್ಗಿಸಿ ಸರಿಮಾಡುವ ಪೆಟ್ಟಿಗೆ) ಬೇಕು. ಇಲ್ಲದಿದ್ದರೆ ಹಾಡು ಸಣ್ಣಗೆ, ಕೀಚಲಾಗಿ ಕೇಳುತ್ತದೆ.

ಎಚ್‌ಎಂವಿಯ ಹಳೇ ಪ್ಲೇಯರ್ ಫಿಯೆಸ್ಟಾ ಸಿಕ್ಕಿದೆ, ಉಪಯೋಗಿಸಬಹುದಾ ಅಂತ ಕೇಳುವವರು ಬಹಳ. ಎಷ್ಟೋ ಮನೆಗಳಲ್ಲಿ ಹಾಡು ತುಂಬಿದ್ದೇ ಆ ಪೆಟ್ಟಿಗೆ. ರಿಪೇರಿ ಮಾಡಿಸಿ ಇಟ್ಟುಕೊಳ್ಳಿ. ಆದರೆ ಅದರ ಮುಳ್ಳು ಭಾರ. ಸವೆದ ಪ್ಲೇಟಿಗೆ ಮಾತ್ರ ಬಳಸಿ.

ಹಿತ್ತಾಳೆ ಕೊಳವೆಯ ಗ್ರಾಮಫೋನಿನಲ್ಲಿ ಎಲ್‌ಪಿ ಹಾಕಬಹುದಾ?

ಬೇಡವೇ ಬೇಡ. ಅದರ ಸೌಂಡ್ ಬಾಕ್ಸು (ಮುಳ್ಳು ಸಿಕ್ಕಿಸುವ ಡಬ್ಬಿ) ಗ್ರಾಂ ಲೆಕ್ಕದಲ್ಲಿ ನೂರರ ಆಸುಪಾಸು ಭಾರ, ಮೇಲೆ ಉಕ್ಕಿನ ಮುಳ್ಳು. ಒಂದೇ ಸಲಕ್ಕೆ ವಿನೈಲನ್ನು ಉಳುತ್ತದೆ. ಅದರಲ್ಲಿ 78 ಮಾತ್ರ, ಅದೂ ಪ್ರತಿ ಹಾಡಿಗೆ ಹೊಸ ಮುಳ್ಳು. ಇನ್ನು ಅಲಂಕಾರದ ಅಂಗಡಿಗಳಲ್ಲಿ ಫಳಫಳ ಹೊಳೆಯುವ ಗ್ರಾಮಫೋನುಗಳು ಬಹುಪಾಲು ಈಚೆಗೆ ಜೋಡಿಸಿದವು. ನಾಯಿ ಚಿತ್ರ ಅಂಟಿಸಿದ್ದರೆ ಹಳೆಯದು ಅಂತ ನಂಬಬೇಡಿ.

ಪ್ಲೇಟು ಹೇಗೆ ತೊಳೆಯುವುದು?

ಈ ಒಂದು ಉತ್ತರವನ್ನು ದಯವಿಟ್ಟು ಪೂರ್ತಿ ಓದಿ.

ಮೊದಲು ಇದು ವಿನೈಲೋ ಅರಗೋ ಅಂತ ತಿಳಿದುಕೊಳ್ಳಿ. 78 ಅಂತ ಬರೆದಿದ್ದು, ಭಾರವಾಗಿ, ಬಗ್ಗದೆ ಇದ್ದರೆ ಅರಗು. ಅರಗಿಗೆ ಸ್ಪಿರಿಟ್ ತಾಗಿಸಲೇಬಾರದು. ಬಡಗಿಗಳು ಪಾಲಿಶ್ ಮಾಡುವಾಗ ಅರಗನ್ನು ಸ್ಪಿರಿಟ್ಟಿನಲ್ಲೇ ಕರಗಿಸುವುದು. ಪ್ಲೇಟೂ ಹಾಗೇ ಕರಗುತ್ತದೆ. ಶುರುವಿನ ದಿನಗಳಲ್ಲಿ ನನಗೆ ಇದು ಗೊತ್ತಿರಲಿಲ್ಲ. ಆಸ್ಪತ್ರೆ ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಪಿ.ಬಿ. ಶ್ರೀನಿವಾಸ್ ಹಾಡಿದ ಒಂದು 78ನ್ನು ಒರೆಸಿದೆ. ಹತ್ತಿ ಕಪ್ಪಾಯಿತು. ಕೊಳೆ ಬಿಡುತ್ತಿದೆ ಅಂದುಕೊಂಡು ಇನ್ನಷ್ಟು ಒರೆಸಿದೆ. ಬಿಡುತ್ತಿದ್ದದ್ದು ಕೊಳೆಯಲ್ಲ, ಹಾಡು. ಆ ಪ್ಲೇಟು ಮತ್ತೆ ನನಗೆ ಸಿಕ್ಕಿಲ್ಲ.

ವಿನೈಲಿಗೆ ಡಿಸ್ಟಿಲ್ಡ್ ವಾಟರ್ ಬೇಕು. ಇನ್ವರ್ಟರಿಗೆ ಹಾಕುವ ಬ್ಯಾಟರಿ ನೀರು ಆಗುತ್ತದೆ, ಆದರೆ ಆಸಿಡ್ ಅಲ್ಲ, ಬರೀ ನೀರು ಅಂತ ಖಾತ್ರಿ ಮಾಡಿಕೊಳ್ಳಿ. ಬೋರ್‌ವೆಲ್ ನೀರು ಬೇಡ, ಒಣಗಿದ ಮೇಲೆ ಉಪ್ಪು ಗೆರೆಯೊಳಗೆ ಕೂರುತ್ತದೆ. ಅರ್ಧ ಲೀಟರಿಗೆ ಪಾತ್ರೆ ತೊಳೆಯುವ ದ್ರವ ಎರಡೇ ಹನಿ. ಮೃದುವಾದ ಬ್ರಷ್ಷಿನಿಂದ ಗೆರೆ ಹೋದ ದಿಕ್ಕಿನಲ್ಲೇ ಸುತ್ತಿಸಿ ತಿಕ್ಕಿ. ಅಡ್ಡ ತಿಕ್ಕಬೇಡಿ. ಲೇಬಲ್ಲಿಗೆ ನೀರು ತಾಗದ ಹಾಗೆ ನೋಡಿಕೊಳ್ಳಿ. ಆಮೇಲೆ ಬರೀ ಡಿಸ್ಟಿಲ್ಡ್ ನೀರಿನಲ್ಲಿ ಇನ್ನೊಮ್ಮೆ ತೊಳೆದು, ತಟ್ಟೆ ಸ್ಟ್ಯಾಂಡಿನಲ್ಲಿ ನೆರಳಲ್ಲಿ ನಿಲ್ಲಿಸಿ ಒಣಗಿಸಿ.

78ಕ್ಕೂ ಇದೇ ನೀರು, ಆದರೆ ನೆನೆಸಬಾರದು. ಒದ್ದೆ ಬಟ್ಟೆಯಿಂದ ಒರೆಸಿ ಕೂಡಲೇ ಒಣ ಬಟ್ಟೆಯಿಂದ ಒತ್ತಿ ತೆಗೆಯಿರಿ.

ಎಲ್ಲಿ, ಹೇಗೆ ಇಡಬೇಕು?

ನಿಲ್ಲಿಸಿ ಇಡಿ, ಪುಸ್ತಕದ ಹಾಗೆ. ಓರೆಯಾಗಿ ಒರಗಿಸಿದರೆ ಬಾಗುತ್ತದೆ. ಒಂದರ ಮೇಲೊಂದು ಪೇರಿಸಿದರೆ ಕೆಳಗಿನ 78 ಬಿರಿಯುತ್ತದೆ. ಎಲ್‌ಪಿ ಸಾಲು ಒಂದು ಅಡಿ ಉದ್ದಕ್ಕೆ 15 ಕೆಜಿ ದಾಟುತ್ತದೆ, ಶೆಲ್ಫು ಗಟ್ಟಿ ಇರಲಿ. ಬಿಸಿಲು ಬೀಳುವ ಗೋಡೆ, ಹೆಂಚಿನ ಕೆಳಗಿನ ಅಟ್ಟ ಎರಡೂ ಬೇಡ. ಕರಾವಳಿ, ಮಲೆನಾಡಿನವರಿಗೆ ಬೂಷ್ಟಿನ ಕಾಟ. ಹಳೇ ಕಾಗದದ ಒಳಕವರಿನಲ್ಲೇ ಬೂಷ್ಟು ಮನೆ ಮಾಡುವುದು. ಅದನ್ನು ತೆಗೆದು ಬೇರೆ ಇಟ್ಟು, ಪ್ಲೇಟಿಗೆ ಹೊಸ ಪಾಲಿಥೀನ್ ಒಳಕವರು ಹಾಕಿ. ದಪ್ಪ ಪಿವಿಸಿ ಕವರು ಬೇಡ, ವರ್ಷಗಳು ಕಳೆದರೆ ಪ್ಲೇಟಿಗೆ ಮಂಕು ಹಿಡಿಸುತ್ತದೆ.

ಕವರೇ ಇಲ್ಲದ ಇಪಿ ಕೊಳ್ಳಬಹುದಾ?

ಕೊಳ್ಳಿ. ಹಾಡು ಇರುವುದು ಪ್ಲೇಟಿನಲ್ಲಿ. ಜೊತೆಗೆ ಆ ಸಿನಿಮಾದ ಹಾಡಿನ ಪುಸ್ತಕ ಹುಡುಕಿ. ಟಾಕೀಸಿನ ಹೊರಗೆ ಮಾರುತ್ತಿದ್ದ ತೆಳ್ಳನೆಯ ಪುಸ್ತಕ, ನೆನಪಿದೆಯಾ? ಕಥೆಯ ಸಾರ, ಹಾಡಿನ ಸಾಹಿತ್ಯ, ಕಲಾವಿದರ ಹೆಸರು ಎಲ್ಲ ಅದರಲ್ಲಿ. ಲೇಬಲ್ಲಿನಲ್ಲಿ ಜಾಗ ಕಡಿಮೆ, ಎಷ್ಟೋ ಸಲ ಯಾರು ಬರೆದದ್ದು ಅನ್ನುವುದೇ ಇರುವುದಿಲ್ಲ. ಪುಸ್ತಕ ಅದನ್ನು ಹೇಳುತ್ತದೆ. 1964ರಲ್ಲಿ ಶುರುವಾದ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಕೂಡ ಇಂಥ ಪುಸ್ತಕಗಳನ್ನು, ಪ್ಲೇಟುಗಳನ್ನು ಕಾಪಾಡಿಕೊಂಡು ಬಂದಿದೆ.

ಎಲ್ಲ ಹಾಡೂ ಮೊಬೈಲಿನಲ್ಲೇ ಸಿಗುವಾಗ ಪ್ಲೇಟು ಯಾಕೆ?

ಎಲ್ಲ ಸಿಗುವುದಿಲ್ಲ. ಸಿಕ್ಕರೂ ಅದೇ ಹಾಡಾಗಿರುವುದಿಲ್ಲ. 78ರ ಒಂದು ಕಡೆಗೆ ಮೂರೂವರೆ ನಿಮಿಷ ಮಾತ್ರ ಅಂದೆನಲ್ಲ. ಹಾಗಾಗಿ ಸಿನಿಮಾದಲ್ಲಿದ್ದ ಒಂದು ಚರಣ ಪ್ಲೇಟಿನಲ್ಲಿ ಇರುವುದಿಲ್ಲ. ಕೆಲವು ಸಲ ಪ್ಲೇಟಿಗೆ ಬೇರೆಯಾಗಿಯೇ ಹಾಡಿಸಿದ್ದಾರೆ, ನಡುವಿನ ಪಿಟೀಲು, ಕೊಳಲಿನ ತುಣುಕು ಬೇರೆ ಇರುತ್ತದೆ. ಉದ್ದದ ಹಾಡು ಎರಡು ಕಡೆಗೂ ಹಂಚಿಹೋಗಿರುತ್ತದೆ. ಇನ್ನು ಅಂತರ್ಜಾಲದಲ್ಲಿ ಇರುವುದು ಎಷ್ಟೋ ಸಲ ಸಿನಿಮಾದಿಂದ ಎತ್ತಿದ್ದು. ಕುದುರೆ ಸದ್ದು, ನಡುವೆ ಮಾತು ಎಲ್ಲ ಸೇರಿರುತ್ತದೆ. ಎರಡೂ ಪಕ್ಕಪಕ್ಕ ಕೇಳಿ ನೋಡಿ. ನಾನು ಚಿಕ್ಕಂದಿನಿಂದ ಕೇಳಿದ ಹಾಡಿಗೆ ಇನ್ನೊಂದು ಚರಣ ಇದೆ ಅಂತ ಗೊತ್ತಾದ ದಿನ ರಾತ್ರಿ ಅದನ್ನು ಹನ್ನೆರಡು ಸಲ ಹಾಕಿದ್ದೇನೆ.

ನಾನು ಅಮೆರಿಕದಲ್ಲಿದ್ದೇನೆ. ಊರಿನಿಂದ ಪ್ಲೇಟು, ಪ್ಲೇಯರ್ ತರಬಹುದಾ?

ಪ್ಲೇಟು ತನ್ನಿ, ಕೈಚೀಲದಲ್ಲಿ. ಲಗೇಜಿಗೆ ಹಾಕಬೇಡಿ. ವಿನೈಲನ್ನು ಒಳಕವರಿನ ಸಮೇತ ಹೊರಕವರಿನಿಂದ ತೆಗೆದು ಪಕ್ಕದಲ್ಲಿಡಿ, ಇಲ್ಲದಿದ್ದರೆ ಕುಲುಕಾಟಕ್ಕೆ ಕವರಿನ ಅಂಚು ಹರಿಯುತ್ತದೆ. ಹಳೇ ಪ್ಲೇಯರ್ ಮಾತ್ರ ತಾಪತ್ರಯ. ವೋಲ್ಟೇಜು ಬೇರೆ ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಇಲ್ಲಿಯ ಕರೆಂಟು 50 ಹರ್ಟ್ಸ್, ಅಲ್ಲಿ 60. ಹಳೇ ಮೋಟಾರು ಅಲ್ಲಿ ಐದನೇ ಒಂದು ಭಾಗ ಜೋರಾಗಿ ಓಡುತ್ತದೆ. ಘಂಟಸಾಲರ ದನಿ ಹುಡುಗನ ದನಿಯಾಗುತ್ತದೆ. ಅಲ್ಲೇ ಒಂದು ಪ್ಲೇಯರ್ ಕೊಳ್ಳಿ.

ಪ್ಲೇಟಿನ ಹಾಡನ್ನು ಕಂಪ್ಯೂಟರಿಗೆ ಹಾಕಿ ಯೂಟ್ಯೂಬಿಗೆ ಏರಿಸಬಹುದಾ?

ಕಂಪ್ಯೂಟರಿಗೆ ಖಂಡಿತ ಹಾಕಿ. ಎಂಪಿ3 ಬೇಡ, ವೇವ್ ಅಥವಾ ಫ್ಲ್ಯಾಕ್ ಫೈಲ್ ಮಾಡಿ. ಕರಕರ ತೆಗೆಯುವ ಸಾಫ್ಟ್‌ವೇರ್ ಹಾಕುವ ಮುಂಚಿನ ಪ್ರತಿಯನ್ನು ಹಾಗೇ ಉಳಿಸಿಕೊಳ್ಳಿ. ಎರಡೂ ಲೇಬಲ್ಲುಗಳ ಫೋಟೊ ತೆಗೆದು ಅದೇ ಫೋಲ್ಡರಿನಲ್ಲಿಡಿ. ಎಲ್ಲಿ ಸಿಕ್ಕಿತು, ಯಾರು ಕೊಟ್ಟರು ಅಂತ ಒಂದು ಸಾಲು ಬರೆಯಿರಿ.

ಏರಿಸುವ ವಿಷಯ ಅಷ್ಟು ಸುಲಭವಲ್ಲ. ನಮ್ಮ ಕಾಯ್ದೆಯಲ್ಲಿ ಧ್ವನಿಮುದ್ರಣದ ಹಕ್ಕು 60 ವರ್ಷ, ಬಿಡುಗಡೆಯ ಮುಂದಿನ ವರ್ಷದಿಂದ ಲೆಕ್ಕ. 1965ರ ಪ್ಲೇಟಿನ ಹಕ್ಕು 2025ರ ಕೊನೆಗೆ ಮುಗಿಯಿತು, 1967ರದ್ದು 2027ರ ಕೊನೆಯವರೆಗೆ ಇರುತ್ತದೆ. ಆದರೆ ಸಾಹಿತ್ಯ ಮತ್ತು ರಾಗಸಂಯೋಜನೆಯ ಹಕ್ಕು ಬೇರೆ. ಅದು ಬರೆದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಹಾಗಾಗಿ ನಾನು ಏರಿಸುವುದಿಲ್ಲ. ಕೇಳಬೇಕು ಅಂದವರು ಭಾನುವಾರ ಸಂಜೆ ಮನೆಗೆ ಬರುತ್ತಾರೆ. ಕಾಫಿ ಇರುತ್ತದೆ.